ಆಮೆಗೆ ಆರು ಡಿಗ್ರಿ, ಬಿಯರಿಗೆ ಒಂಬತ್ತು

ಕ್ಲಾಟೊವಿ ಊರಿನ ನಮ್ಮ ಕಟ್ಟಡದಲ್ಲಿ ಇರುವುದು ಎರಡೇ ಮನೆ. ಕೆಳಗೆ ನಾನು ಮತ್ತು ನನ್ನ ಗಂಡ ಲುಬೋರ್. ಮೇಲೆ ಹೆಡ್ವಿಕಾ ಮತ್ತು ಅವರ ಆಮೆ ಅಗಾಟಾ. ಬಂಡೆ ಕಡಿದು ಮಾಡಿದ ನೆಲಮಾಳಿಗೆ ಎರಡೂ ಮನೆಗೆ ಸೇರಿದ್ದು. ರೈಲ್ವೆಯಿಂದ ನಿವೃತ್ತನಾದ ವರ್ಷ ಲುಬೋರ್ ಅಲ್ಲೊಂದು ಥರ್ಮಾಮೀಟರ್ ತೂಗುಹಾಕಿ ತಿಂಗಳಿಡೀ ನೋಡಿದ. ಅದು ಒಂಬತ್ತು ಡಿಗ್ರಿ ಬಿಟ್ಟು ಅಲ್ಲಾಡಲಿಲ್ಲ.

"ದೇವರೇ ಲಾಗರ್ ಬಿಯರಿಗೆ ಅಂತ ಮಾಡಿಟ್ಟ ಜಾಗ ಇದು! ನೀನು ಇಷ್ಟು ವರ್ಷ ಆಲೂಗಡ್ಡೆ ತುಂಬ್ಕೊಂಡು ಕೂತಿದ್ದೆ" ಎಂದು ನನ್ನನ್ನೇ ಬೈದ.

ನವೆಂಬರಿನಲ್ಲಿ ಬಾರ್ಲಿ ಕುದಿಸಿ, ಸೋಸಿ, ಯೀಸ್ಟ್ ಬೆರೆಸಿ, ಐವತ್ತು ಲೀಟರಿನ ಗಾಜಿನ ಜಾಡಿಗೆ ತುಂಬಿದ. ಬೆಳಕು ಬೀಳದಿರಲೆಂದು ತನ್ನ ಹಳೆಯ ಓವರ್‌ಕೋಟನ್ನು ಅದಕ್ಕೆ ಹೊದಿಸಿದ. ಅದೇ ವಾರ ಹೆಡ್ವಿಕಾ ಒಣ ಎಲೆ ತುಂಬಿದ ಪೆಟ್ಟಿಗೆಯಲ್ಲಿ ಅಗಾಟಾಳನ್ನು ಚಳಿಗಾಲದ ನಿದ್ದೆಗೆ ಕೆಳಗೆ ತಂದರು. ಪೆಟ್ಟಿಗೆ ನೆಲದ ಮೇಲಿಟ್ಟು, ಗೋಡೆಯ ಕಿಂಡಿ ಪೂರ್ತಿ ತೆರೆದರು.

"ಹೆಡ್ವಿಕಾ ಅವ್ರೇ, ಈ ಚಳಿಗೆ ನನ್ನ ಯೀಸ್ಟ್ ಮಲಗಿಬಿಡುತ್ತೆ!"

"ಮಲಗಲಿ ಬಿಡಿ. ನನ್ನ ಅಗಾಟಾ ಏಳಬಾರದು. ಅವಳಿಗೆ ಆರು ಡಿಗ್ರಿ ಬೇಕು."

ಅವರು ಬೆಳಿಗ್ಗೆ ಪೇಟೆಗೆ ಹೋಗುವಾಗ ತೆರೆಯುವುದು, ಇವನು ಕಾಫಿ ಕುಡಿದು ಹೋಗಿ ಮುಚ್ಚುವುದು. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಇವನು ಕಿಂಡಿಗೆ ನನ್ನ ದಿಂಬನ್ನೇ ತುರುಕಿ, ಮೇಲೊಂದು ಹಲಗೆ ಹೊಡೆದ.

ಮಾರನೆಯ ಮಧ್ಯಾಹ್ನ ಹೆಡ್ವಿಕಾ ಏದುಸಿರು ಬಿಡುತ್ತ ನಮ್ಮ ಅಡುಗೆಮನೆಗೆ ನುಗ್ಗಿದರು. "ಅಗಾಟಾ ಗೊರಕೆ ಹೊಡೀತಿದಾಳೆ! ಗುಳುಕ್ ಗುಳುಕ್ ಅಂತ! ನ್ಯುಮೋನಿಯಾ ಆಗಿದೆ, ನಿಮ್ಮಿಂದಲೇ!"

ಲುಬೋರ್ ಬಾಯಿ ತೆರೆಯುವಷ್ಟರಲ್ಲಿ ಅವರು ಪಶುವೈದ್ಯ ವೊಂದ್ರಾಗೆ ಫೋನ್ ಮಾಡಿಯಾಗಿತ್ತು. ಆತ ಬಂದು, ನೆಲದ ಮೇಲೆ ಮೊಣಕಾಲೂರಿ, ಪೆಟ್ಟಿಗೆಗೆ ಕಿವಿಯಿಟ್ಟರು. ಆಮೇಲೆ ಎದ್ದು ಓವರ್‌ಕೋಟಿಗೆ ಕಿವಿಯಿಟ್ಟರು. ಅದನ್ನೆತ್ತಿದರೆ, ಜಾಡಿಯ ಬಾಯಿಯ ನಳಿಕೆಯಲ್ಲಿ ಗುಳ್ಳೆಗಳು ಎದ್ದೆದ್ದು ಒಡೆಯುತ್ತಿದ್ದವು.

"ರೋಗಿ ಇವರು. ಆರೋಗ್ಯ ಚೆನ್ನಾಗಿದೆ" ಎಂದು ಜಾಡಿ ತೋರಿಸಿದರು. ಲುಬೋರ್ ಹಲ್ಲುಬಿಟ್ಟ. ವೈದ್ಯರು ನಗಲಿಲ್ಲ. "ಈ ಗುಳ್ಳೆಯಿಂದ ಬರೋ ಗಾಳಿ ಭಾರ ಕಣ್ರೀ, ನೆಲದಲ್ಲೇ ನಿಲ್ಲುತ್ತೆ. ಕಿಂಡಿ ಮುಚ್ಚಿ ನೆಲದ ಮೇಲೆ ಆಮೆ ಮಲಗಿಸಿದ್ರೆ ಅದು ಮತ್ತೆ ಏಳೋದೇ ಇಲ್ಲ."

ಲುಬೋರನ ಮುಖ ಸುಣ್ಣದಂತಾಯಿತು. ಹಲಗೆ ಕಿತ್ತ, ದಿಂಬು ಎಳೆದ. ಅಗಾಟಾಳ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿ, ನನ್ನ ಆಲೂಗಡ್ಡೆ ಸರಿಸಿ, ಕಿಂಡಿಯ ಪಕ್ಕದ ಎತ್ತರದ ಅಟ್ಟದಲ್ಲಿಟ್ಟ. ಜಾಡಿಯನ್ನು ಒಳಗೋಡೆಗೆ ಸರಿಸಿ ಅದಕ್ಕೆ ನಮ್ಮ ರಜಾಯಿ ಸುತ್ತಿದ. ಹುದುಗುವಾಗ ತಾನೇ ಬಿಸಿಯಾಗುತ್ತದೆಯಂತೆ, ರಜಾಯಿಯೊಳಗೆ ಒಂಬತ್ತು ನಿಂತಿತು. ಅಟ್ಟದ ಮೇಲೆ ಆರು. ಆ ತಿಂಗಳು ನಾವಿಬ್ಬರೂ ಸ್ವೆಟರ್ ಹಾಕಿಕೊಂಡು ಮಲಗಿದೆವು.

ಡಿಸೆಂಬರಿನಲ್ಲಿ ಹುದುಗು ಮುಗಿದು ಬಿಯರು ಬಾಟಲಿ ಸೇರಿತು. ಲಾಗರ್ ಹದಕ್ಕೆ ಬರಲು ತಿಂಗಳುಗಟ್ಟಲೆ ತಣ್ಣಗೆ ಮಲಗಬೇಕು. ಈಗ ಲುಬೋರ್, ಹೆಡ್ವಿಕಾ ಇಬ್ಬರಿಗೂ ಬೇಕಾದದ್ದು ಚಳಿಯೇ. ಜನವರಿಯಲ್ಲಿ ಒಂದು ವಾರ ಬಿಸಿಲು ಬಂದು ಊರೆಲ್ಲ ಖುಷಿಯಾಗಿದ್ದರೆ, ಇವರಿಬ್ಬರು ಮಾತ್ರ ಅಂಗಳದ ನೆರಳಲ್ಲಿ ಉಳಿದ ಹಿಮವನ್ನು ಬಕೆಟ್ಟಿಗೆ ತುಂಬಿ ನೆಲಮಾಳಿಗೆಗೆ ಹೊತ್ತರು. "ನಿನ್ನ ಗಂಡನೂ ಹೆಡ್ವಿಕಾನೂ ಅಲ್ಲಿ ಏನ್ ಮಾಡ್ತಿದಾರೆ?" ಎಂದು ಎದುರುಮನೆಯವಳು ಕೇಳಿದಳು. "ಚಳಿ ಕಾಯಿಸ್ತಿದಾರೆ" ಎಂದೆ.

ಮಾರ್ಚಿನಲ್ಲಿ ಅಗಾಟಾ ಕಣ್ಣು ಬಿಟ್ಟು ಲೆಟ್ಯೂಸ್ ಎಲೆ ತಿಂದಳು. ಅಂದೇ ಲುಬೋರ್ ಮೊದಲ ಬಾಟಲಿ ತೆರೆದ. ಬಂಗಾರದ ಬಣ್ಣ, ಎರಡು ಬೆರಳು ನೊರೆ. ಒಂದು ಗುಟುಕು ಕುಡಿದವನೇ ಸಪ್ಪೆಯಾದ.

"ಬೆಣ್ಣೆ ವಾಸನೆ. ಮೊದಲ ನಾಲ್ಕು ದಿನ ಕಿಂಡಿ ತೆರೆದು ಮುಚ್ಚಿ ಯೀಸ್ಟ್ ಬೆದರಿಹೋಗಿತ್ತು, ಅದಕ್ಕೇ ಹೀಗೆ."

ಹೆಡ್ವಿಕಾ ಲೋಟ ಎತ್ತಿ ಕೊನೆಯ ಹನಿಯವರೆಗೂ ಕುಡಿದು, ತುಟಿ ಒರೆಸಿಕೊಂಡರು.

"ಹಾಗಾದ್ರೆ ಆ ಬೆಣ್ಣೆ ನಂದು" ಎಂದು ಖಾಲಿ ಲೋಟ ಮುಂದೆ ಹಿಡಿದರು. "ಇನ್ನೊಂಚೂರು ಹಾಕಿ."