ಬೆಳಕಿಗೆ ಹಿಡಿದ ಕಾಗದ

“ನಗ್ರಯ್ಯಾ, ನಗ್ರಿ! ಕಣ್ಣಿಲ್ಲ ಅಂದ್ರೆ ಹಲ್ಲೂ ಇಲ್ವಾ ನಿಮ್ಗೆ?”

ವಾರ್ಡನ್ ಹೀಗೆ ಕೂಗಿದ್ದು ಚಳಿ ಇಳಿಯುವ ಕಾಲದಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಬೆತ್ತ ನೆನೆಹಾಕುವ ತೊಟ್ಟಿಯ ನೀರು ಕೈ ಕಚ್ಚುವುದನ್ನು ಬಿಟ್ಟು ಒಂದು ವಾರವಾಗಿತ್ತು, ಅದರಿಂದ ನೆನಪಿದೆ. ಕುರ್ಚಿ ಹೆಣೆಯುವ ನಾವು ಹನ್ನೆರಡು ಜನ ಜಗಲಿಯ ಮೇಲೆ ಸಾಲಾಗಿ ನಿಂತಿದ್ದೆವು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹೊಸ ಫೋನು. ಮಾತಾಡುವ ಫೋನು. ಅಕ್ಷರವಿರುವ ಕಾಗದ ತೋರಿಸಿದರೆ ಓದಿ ಹೇಳುತ್ತದೆ ಎಂದಿದ್ದರು ಕೊಟ್ಟವರು.

“ಹಲ್ಲಿದಾವೆ ಸಾರ್, ಕಚ್ಚೋಕೆ ಅಂತ ಎತ್ತಿಟ್ಟಿದೀವಿ,” ಎಂದ ನನ್ನ ಪಕ್ಕದ ಡೋಲು. ಬಾಯಿ ದೊಡ್ಡದು, ಸುಮ್ಮನೆ ಕೂತರೆ ಕುರ್ಚಿಯ ಚೌಕಟ್ಟನ್ನೇ ಬಡಿಯುತ್ತಿರುತ್ತಾನೆ, ಅದಕ್ಕೇ ಆ ಹೆಸರು. ಬಂದವರು ನಕ್ಕರು. ಫೋಟೋ ಆಯಿತು. ಅವರ ಕಾರು ಗೇಟು ದಾಟುವ ಮೊದಲೇ ವಾರ್ಡನ್ ಒಂದು ಬುಟ್ಟಿ ಹಿಡಿದು ಸಾಲಿನುದ್ದಕ್ಕೂ ಬಂದರು.

“ಹಾಕಿ, ಹಾಕಿ. ನಿಮ್ ಕೈಲಿ ಕೊಟ್ರೆ ಬೆತ್ತದ್ ತೊಟ್ಟಿಗೆ ಬೀಳ್ಸಿ ನೆನೆಹಾಕ್ತೀರ.”

ಫೋನು ನನ್ನ ಕೈಯಲ್ಲಿದ್ದದ್ದು ಅಷ್ಟೇ ಹೊತ್ತು. ಇನ್ನೂ ಅಂಗೈ ಬಿಸಿಯೂ ತಾಕಿರಲಿಲ್ಲ ಅದಕ್ಕೆ. ಆಫೀಸಿನ ಗಾಜಿನ ಬೀರುವಿನ ಬೀಗ ಬಿದ್ದ ಸದ್ದು ಕೇಳಿ ಡೋಲು, “ಕುರುಡರ ಮನೇಲಿ ಗಾಜಿನ ಬೀರು! ಯಾವ ಬೋಳಿಮಗನಿಗೆ ತೋರ್ಸೋಕೆ?” ಎಂದು ಉಗಿದ.

ಸಾಲಿನ ಕೊನೆಯಲ್ಲಿದ್ದವಳು ದರ್ಜಿ. ಅವಳು ಬಂದು ಆಗ ಎಂಟು ತಿಂಗಳು. ಇಪ್ಪತ್ತು ವರ್ಷ ಬಟ್ಟೆ ಹೊಲಿದವಳು. ಕಣ್ಣು ಒಂದೇ ಸಲಕ್ಕೆ ಹೋಗಲಿಲ್ಲ, ಬಟ್ಟೆ ಒಗೆದಂತೆ ಒಗೆದಂತೆ ಬಣ್ಣ ಹೋಗುತ್ತದಲ್ಲ, ಹಾಗೆ ಹೋಯಿತು. ಒಂದು ದಿನ ಯಾರದೋ ಅಂಗಿಗೆ ಎಡದ ತೋಳು ಬಲಕ್ಕೆ ಕೂರಿಸಿದಳಂತೆ. ಅವತ್ತೇ ಯಂತ್ರ ಮುಚ್ಚಿದಳು. ಒಬ್ಬಳೇ ಮಗಳು, ಟೈಪ್ ಮಾಡುವ ಅಂಗಡಿಯಲ್ಲಿ ಕೆಲಸ, ಆಗ ನಾಲ್ಕು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದಳು. “ಮನೆ ಮಾಡಿದ ದಿನ ಕರ್ಕೊಂಡ್ ಹೋಗ್ತೀನಮ್ಮ,” ಎಂದು ಇಲ್ಲಿ ಬಿಟ್ಟು ಹೋದವಳು.

ಇಲ್ಲಿ ಒಂದು ಪದ್ಧತಿ ಇತ್ತು. ಭಾನುವಾರ ಮಧ್ಯಾಹ್ನ ಊಟದ ಮನೆಯಲ್ಲಿ, ಎಲ್ಲರ ಕೈ ತಟ್ಟೆಯಲ್ಲಿರುವಾಗ, ವಾರ್ಡನ್ ವಾರದ ಕಾಗದಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಯಾರ ಮನೆಯಲ್ಲಿ ಜಗಳ, ಯಾರ ಹೆಂಡತಿ ಇನ್ನೊಬ್ಬನ ಜೊತೆ ಹೋದಳು, ಎಲ್ಲವೂ ಹನ್ನೆರಡು ತಟ್ಟೆಗೂ ಬಡಿಸಿದಂತೆ ಬೀಳುತ್ತಿತ್ತು. ನಾನು ಬಂದು ಮೂವತ್ತೊಂದು ವರ್ಷ. ವಾರ್ಡನ್‌ಗಳು ಐದು ಜನ ಬದಲಾದರು, ಈ ಪದ್ಧತಿ ಬದಲಾಗಲಿಲ್ಲ.

ದರ್ಜಿಯ ಮಗಳ ಕಾಗದ ತಿಂಗಳಿಗೊಂದು ಬರುತ್ತಿತ್ತು.

“ಅಮ್ಮ, ಕ್ಷೇಮ. ಕೆಲಸ ಜಾಸ್ತಿ. ಬರೋಕಾಗಲ್ಲ. ಇಂತಿ ಮಗಳು,” ಎಂದು ಓದಿ ವಾರ್ಡನ್ ಕಾಗದವನ್ನು ಅವಳ ಮಡಿಲಿಗೆ ಹಾಕಿದರು. ಅವಳು ಎಡಗೈಯಲ್ಲಿ ಅದನ್ನು ಬಿಡಿಸಿ ಎಣಿಸಿದಳು.

“ಮೂರ್ ಹಾಳೆ ಇದೆ ಸಾರ್. ಇಷ್ಟೇ ಮಾತಿಗೆ ಮೂರ್ ಹಾಳೆನಾ?”

“ನಿನ್ ಮಗಳು ಅಚ್ಚು ಹಾಕೋದೇ ಅಂಥ ಅಕ್ಷರ ಕಣಮ್ಮ. ಒಂದೊಂದೂ ಕುಂಬಳಕಾಯಿ ಗಾತ್ರ. ಹಾಳೆಗೆ ನಾಲ್ಕು ಹಿಡಿದ್ರೆ ಹೆಚ್ಚು.”

ಜನ ನಕ್ಕರು. ನಾನೂ ನಕ್ಕೆ, ಸುಳ್ಳು ಹೇಳುವುದಿಲ್ಲ. ತಾಯಿಯ ಕಣ್ಣು ಮಂಜಾಗುತ್ತಿದ್ದ ಕಾಲದಲ್ಲಿ ಮಗಳು ಅಕ್ಷರ ದಪ್ಪ ಮಾಡುತ್ತ ಬಂದದ್ದು, ಪೂರ್ತಿ ಹೋದ ಮೇಲೂ ಆ ರೂಢಿ ಬಿಡದಿದ್ದದ್ದು ನಿಜವೇ. ಅವಳು ಹಾಳೆಗಳನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂಜೆ ತೊಟ್ಟಿಯ ಬಳಿ ನನ್ನ ಪಕ್ಕ ಕೂತು ಮೆಲ್ಲಗೆ, “ಅಜ್ಜಾ, ನನ್ ಮಗಳ ಮಾತು ಒಂದ್ಸಲ, ಒಂದೇ ಒಂದ್ಸಲ, ಯಾರ ಬಾಯೂ ತಾಗ್ದೆ ನನ್ ಕಿವಿಗೆ ಬೀಳ್ಬೇಕು,” ಎಂದಳು.

ಫೋನು ಕೊಟ್ಟವರು ಕಲಿಸಲಿಕ್ಕೆಂದು ಒಬ್ಬ ಹುಡುಗಿಯನ್ನೂ ಕಳಿಸಿದರು. ಮೂರು ದಿನ ಇದ್ದಳು. ಅವಳಿಗೂ ಕಣ್ಣಿರಲಿಲ್ಲ. ಗೇಟಿನಿಂದ ಒಬ್ಬಳೇ ಕೋಲು ತಟ್ಟಿಕೊಂಡು ಬಂದಾಗ ವಾರ್ಡನ್, “ನೀನೂ ಹಿಂಗೇನಾ? ಸೇರ್ಕೊಳ್ಳೋಕೆ ಬಂದ್ಯಾ?” ಎಂದು ಕೇಳಿದರು. “ಕಲಿಸೋಕೆ ಬಂದೆ. ನಿಮ್ಗೂ ಬೇಕಿದ್ರೆ ಕೂತ್ಕೊಳ್ಳಿ ಸಾರ್,” ಎಂದಳು ಅವಳು. ಗಾಜಿನ ಮೇಲೆ ಬೆರಳು ಜಾರಿಸುವುದು, ಎರಡು ಸಲ ತಟ್ಟುವುದು, ಕಾಗದದ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿಯುವುದು ಎಲ್ಲ ಹೇಳಿಕೊಟ್ಟಳು. ಆ ಧ್ವನಿಯನ್ನು ಓಡಿಸುವುದನ್ನೂ ಕಲಿಸಿದಳು. “ಕಣ್ಣಿದ್ದೋರು ಹಾಳೆ ಮೇಲೆ ಕಣ್ಣು ಹಾಯಿಸಿ ಬಿಡ್ತಾರೆ. ನಾವ್ಯಾಕೆ ಆಮೆ ಹಿಂದೆ ಹೋಗ್ಬೇಕು? ಓಡ್ಸಿ.” ಮೊದಲ ದಿನ ನನಗೆ ಮಳೆ ಬಿದ್ದಂತೆ ಕೇಳಿಸಿತು. ಮೂರನೇ ದಿನಕ್ಕೆ ಮಾತು ಮಾತೂ ಬಿಡಿಬಿಡಿಯಾಯಿತು. ಕಣ್ಣಿಲ್ಲದ ಕಿವಿಗೆ ಅದೇನು ದೊಡ್ಡದಲ್ಲ.

ಅವಳು ಹೋದ ಸಂಜೆ ಫೋನುಗಳು ಮತ್ತೆ ಬೀರುವಿಗೆ ಹೋದವು. ಯಾರಾದರೂ ದೊಡ್ಡವರು ನೋಡಲು ಬರುತ್ತಾರೆಂದರೆ ಹಿಂದಿನ ದಿನ ಒಂದನ್ನು ತೆಗೆದು ದರ್ಜಿಗೆ ಕೊಡುತ್ತಿದ್ದರು, ಒಂದು ತಾಸು, ಅಭ್ಯಾಸಕ್ಕೆ. ಬಂದವರೆದುರು ತೋರಿಸಬೇಕಾದವಳು ಅವಳು, ಕಾಗದ ಹಿಡಿಯುವವನು ನಾನು. ಮೊದಲ ಅಭ್ಯಾಸದ ದಿನ ವಾರ್ಡನ್ ಬಾಗಿಲಲ್ಲಿ ನಿಂತು ಕೇಳಿದರು.

“ಏನದು ಇಲಿ ಕಿರುಚಿದ್ ಹಾಗೆ? ಕೆಡಿಸ್ಬಿಟ್ರಾ?”

“ಇಲ್ಲ ಸಾರ್, ಬಿಸಿ ಆಗೋವರ್ಗೂ ಹಂಗೇ,” ಎಂದಳು ದರ್ಜಿ. ಎಲ್ಲಿಂದ ಬಂತೋ ಆ ಮಾತು ಅವಳ ಬಾಯಿಗೆ. ವಾರ್ಡನ್ ನಂಬಿದರು. ಆದರೂ ಮೊದಮೊದಲು ತಾಸು ಮುಗಿಯುವವರೆಗೆ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ.

ಫೋನು ಕೊಟ್ಟವರೇ ಆರು ತಿಂಗಳಾದ ಮೇಲೆ ಮತ್ತೆ ನೋಡಲು ಬರುವವರಿದ್ದರು. ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ನಾವಿಬ್ಬರೂ ಫೋನು ಹಿಡಿದು ಬೆತ್ತದ ಉಗ್ರಾಣ ಸೇರಿ ಬಾಗಿಲು ಹಾಕಿಕೊಂಡೆವು. ಅವಳು ಸೊಂಟದಿಂದ ಕಾಗದ ತೆಗೆದಳು. ಹಿಂದಿನ ಭಾನುವಾರ ಬಂದದ್ದು, ಮತ್ತೆ ಮೂರು ಹಾಳೆ, ಮತ್ತೆ “ಕ್ಷೇಮ, ಬರೋಕಾಗಲ್ಲ”. ನಾನು ಹಾಳೆಯನ್ನು ಮೊಣಕಾಲ ಮೇಲೆ ಚಪ್ಪಟೆ ಹಿಡಿದೆ. ಅವಳು ಗೇಣಳತೆಯಲ್ಲಿ ಫೋನು ಹಿಡಿದಳು.

“ಅಕ್ಷರ ಸಿಗಲಿಲ್ಲ,” ಎಂದಿತು.

ಮಗುಚಿ ಹಿಡಿದೆ. ಅಕ್ಷರ ಸಿಗಲಿಲ್ಲ. ತಲೆಕೆಳಗು ಮಾಡಿದೆ. ಅಕ್ಷರ ಸಿಗಲಿಲ್ಲ. ಎರಡನೇ ಹಾಳೆ, ಮೂರನೇ ಹಾಳೆ. ಅದೇ ಮಾತು.

ಅವಳು ಫೋನು ಇಳಿಸಿದಳು. “ಖಾಲಿ ಹಾಳೆ ಅಜ್ಜಾ. ಅವ್ಳು ಬರ್ದೇ ಇಲ್ಲ. ಆ ಮನುಷ್ಯ ಪಾಪ, ನಂಗೆ ಬೇಜಾರಾಗ್ಬಾರ್ದು ಅಂತ ತಾನೇ ಕಟ್ಟಿ ಹೇಳ್ತಿದ್ದ.”

ಹೊರಗೆ ಡೋಲು ಚೌಕಟ್ಟು ಬಡಿಯುವ ಸದ್ದು ಕೇಳುತ್ತಿತ್ತು. ಎಣಿಸಿದರೆ ತಾಸಿನಲ್ಲಿ ಅರ್ಧ ಕಳೆದಿತ್ತು. ಆಗ ಅವಳು ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದಳು.

“ಅಜ್ಜಾ, ಈ ಕೋಣೇಲಿ ದೀಪ ಇದ್ಯಾ?”

“ದೀಪ ಎಲ್ಲೀದವ್ವ? ಕುರುಡ್ರಿಗೆ ಯಾಕೆ ದೀಪ ಅಂತ ಮೊದಲ್ನೇ ವಾರ್ಡನ್ನೇ ಬಿಚ್ಚಿಸಿದ್ದ.”

“ಅಯ್ಯೋ ನಮ್ ಮುಂಡಾಮೋಚ್ತು! ಇದಕ್ಕೆ ಬೆಳಕು ಬೇಕು ಅಜ್ಜಾ. ನಮ್ ಥರ ಅಲ್ಲ ಇದು. ಇದಕ್ಕೆ ಕಣ್ಣಿದೆ!”

ಕಿಟಕಿಯಿಲ್ಲದ ಕೋಣೆಯ ಬಾಗಿಲು ಹಾಕಿ ಕೂತು ನಾವು ಮಗಳು ಬರೆದೇ ಇಲ್ಲವೆಂದುಕೊಂಡಿದ್ದೆವು. ಕತ್ತಲೆ ಎಂಬುದೊಂದು ಇದೆ ಎನ್ನುವುದನ್ನೇ ನಾನು ಮರೆತು ಬಹಳ ವರ್ಷವಾಗಿತ್ತು.

ಬೆಳಕು ಬೇಕೆಂದರೆ ಜಗಲಿಗೇ ಬರಬೇಕು. ಜಗಲಿಯೆಂದರೆ ವಾರ್ಡನ್ನರ ಮೇಜಿನ ಎದುರು. ಮೇಜಿಗೆ ಬೆನ್ನು ಮಾಡಿ, ಮುಖಕ್ಕೆ ಬಿಸಿಲು ತಾಗುವಲ್ಲಿ ಕೂತು ಹಾಳೆ ಹಿಡಿದೆವು. ಅವಳು ಧ್ವನಿಯನ್ನು ಎಷ್ಟು ಓಡಿಸಬಹುದೋ ಅಷ್ಟು ಓಡಿಸಿದಳು.

“ಅಮ್ಮ, ಮನೆ ಮಾಡಿದ ಮೇಲೆ ಇದು ಆರನೇ ಕಾಗದ. ಐದು ತಿಂಗಳಾಯಿತು. ನೆಲಮಾಳಿಗೆ ಅಲ್ಲ, ಮಹಡಿ ಅಲ್ಲ, ರಸ್ತೆಗೆ ಸಮ, ಒಂದೂ ಮೆಟ್ಟಿಲಿಲ್ಲ. ನಿನ್ನ ಹೊಲಿಗೆ ಯಂತ್ರ ಗೋಡೆಗೆ ಒತ್ತಿ ಇಟ್ಟಿದ್ದೇನೆ.”

ಕುರ್ಚಿ ಹಿಂದೆ ಸರಿದ ಸದ್ದು. ವಾರ್ಡನ್ನರ ಚಪ್ಪಲಿ ನಮ್ಮ ಬೆನ್ನ ಹಿಂದೆ ಬಂತು, ಹಾಳೆ ಅಭ್ಯಾಸದ್ದೆಂದೇ ತಿಳಿದಿರಬೇಕು. “ಬಿಸಿ ಆಗ್ತಿದ್ಯಾ?”

“ಆಗ್ತಿದೆ ಸಾರ್.”

“ಎರಡು ಸಲ ಬಂದೆ. ವಾರ್ಡನ್ ಗೇಟಿನಲ್ಲೇ ನಿಲ್ಲಿಸಿ, ನಿಮ್ಮಮ್ಮ ಬರಲ್ಲ ಅಂದಿದ್ದಾಳೆ, ಮುಖ ತೋರಿಸಬೇಡ ಅಂದಿದ್ದಾಳೆ ಅಂದರು. ನಿಜಾನಾ ಅಮ್ಮ?”

“ತಲೆ ನೋಯ್ಸುತ್ತೆ ಕಣಯ್ಯ ಇದು,” ಎಂದರು ವಾರ್ಡನ್, ನನ್ನ ತಲೆಯ ಮೇಲೆಯೇ ನಿಂತು. “ನಾಳೆ ಅವರೆದ್ರು ಹಿಂಗೆ ಕಿರುಚಿದ್ರೆ ನಿಮ್ಮಿಬ್ರ ಚರ್ಮ ಸುಲೀತೀನಿ.”

“ನಾಳೆ ಚೆನ್ನಾಗ್ ಮಾತಾಡುತ್ತೆ ಸಾರ್,” ಎಂದಳು ದರ್ಜಿ. ಅವಳ ಧ್ವನಿ ಒಂದು ಎಳೆಯೂ ಅಲುಗಲಿಲ್ಲ. ಓದು ಮಾತ್ರ ಎರಡು ಸಲ ತಪ್ಪಿತು, ಮತ್ತೆ ಹಿಡಿದಳು. ಕೊನೆಯಲ್ಲಿ ಮಗಳ ನಂಬರು ಇತ್ತು. “ಬಾ ಅಂತ ಒಂದು ಮಾತು ಹೇಳು, ವಾರದೊಳಗೆ ಬರುತ್ತೇನೆ.” ಆ ಫೋನುಗಳಲ್ಲಿ ಸಿಮ್ ಹಾಕಿರಲಿಲ್ಲ. ನಾವು ಆ ನಂಬರನ್ನು ಬಾಯಿಪಾಠ ಮಾಡಿದೆವು, ನಾನು ಅರ್ಧ, ಅವಳು ಪೂರ್ತಿ.

ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ನಾನು ಒಳಗೆ ಹೋಗಿ ನನ್ನ ಪೆಟ್ಟಿಗೆಯಿಂದ ನನ್ನಣ್ಣನ ಕಾಗದ ತಂದೆ. ಆ ಒಂದಾದ ಮೇಲೆ ಅವನು ಬರೆದಿರಲಿಲ್ಲ. “ತಮ್ಮಾ, ಇಲ್ಲಿ ಜಾಗ ಇಲ್ಲ, ಅಲ್ಲೇ ಇರು,” ಎಂದು ಆಗಿನ ವಾರ್ಡನ್ ಓದಿದ್ದರು, ತಟ್ಟೆಯ ಮುಂದೆ. ಇಪ್ಪತ್ತೆಂಟು ವರ್ಷ ಅದನ್ನೇ ನಂಬಿದ್ದೆ. ದರ್ಜಿ ಬಿಸಿಲಿಗೆ ಹಿಡಿದು ಫೋನಿಗೆ ತೋರಿಸಿದಳು, ಎರಡೂ ಬದಿ, ನಾಲ್ಕೂ ದಿಕ್ಕು. ಅಕ್ಷರ ಸಿಗಲಿಲ್ಲ.

“ಸೀಸದ ಕಡ್ಡೀಲಿ ಬರ್ದಿದ್ನಾ ಅಜ್ಜಾ?”

“ಹೂಂ.”

“ದಿನಾ ಮುಟ್ತಿದ್ಯಾ?”

“ಮಲಗೋ ಮುಂಚೆ ಒಂದ್ಸಲ ಸವರ್ತಿದ್ದೆ.”

ಅವಳು ಕಾಗದವನ್ನು ಮಡಚಿ ನನ್ನ ಅಂಗೈಯಲ್ಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟಳು. ಅಳಿಸಿದ್ದು ನನ್ನ ಬೆರಳೇ. ಯಾರನ್ನು ಬೈಯಲಿ.

ಶನಿವಾರ ಬಂದರು. ಸೆಂಟಿನ ವಾಸನೆ, ಹೊಸ ಬೂಟಿನ ಸದ್ದು. ನಮ್ಮ ಸಂಸ್ಥೆಯ ಅಧ್ಯಕ್ಷರು, “ಈ ನತದೃಷ್ಟರ ಬಾಳಿಗೆ ತಾವು ಬೆಳಕಾದಿರಿ,” ಎಂದು ಭಾಷಣ ಮಾಡಿದರು. ವಾರ್ಡನ್ ಅಚ್ಚು ಹಾಕಿಸಿದ ವಂದನೆಯ ಪತ್ರವೊಂದನ್ನು ನನ್ನ ಕೈಗೆ ಕೊಟ್ಟರು, ಅದನ್ನು ಫೋನು ಓದಬೇಕು. ನಾನು ಅದನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತೆ. ಮೊಣಕಾಲ ಮೇಲೆ ಹಿಡಿದದ್ದು ಮಗಳ ಕಾಗದ.

ದರ್ಜಿ ಧ್ವನಿಯನ್ನು ಮಗುವಿಗೂ ತಿಳಿಯುವಷ್ಟು ನಿಧಾನ ಮಾಡಿದ್ದಳು.

“ಅಮ್ಮ. ಮನೆ ಮಾಡಿದ ಮೇಲೆ ಇದು ಆರನೇ ಕಾಗದ.”

ಮೊದಲ ಹಾಳೆ ಮುಗಿದು ಎರಡನೆಯದು ಹಿಡಿದೆ. ಗೇಟಿನ ಮಾತು ಬಂದಾಗ ವಾರ್ಡನ್ ಕೈ ಹಾಕಿ ಹಾಳೆ ಎಳೆದರು. ನಾನು ಬಿಡಲಿಲ್ಲ. ಬೆತ್ತ ಎಳೆದು ಎಳೆದು ಗಟ್ಟಿಯಾದ ಬೆರಳು ನನ್ನವು.

“ಬಿಡೋ ಮುದುಕಾ! ಸಾರ್, ಇದು ಕೆಟ್ಟೋಗಿದೆ, ಏನೇನೋ ಹೇಳುತ್ತೆ...”

“ಬಿಸಿ ಆಗಿದೆ ಸಾರ್ ಈಗ,” ಎಂದು ಡೋಲು ಹಿಂದಿನಿಂದ ಕೂಗಿದ. “ಚೆನ್ನಾಗ್ ಬಿಸಿ ಆಗಿದೆ!”

ದರ್ಜಿ ಎದ್ದು ನಿಂತಳು. “ಯಾರಾದ್ರೂ ನಿಮ್ ಫೋನಲ್ಲಿ ಒಂದು ನಂಬರ್ ಹಾಕಿ ಕೊಡಿ. ಒಂದೇ ಮಾತು ಆಡ್ಬೇಕು ನಾನು,” ಎಂದು ನಂಬರು ಹೇಳಿದಳು. ಮತ್ತೆ ಹೇಳಿದಳು. ಮೂರನೇ ಸಲವೂ ಹೇಳಿದಳು. ಬೂಟುಗಳು ನೆಲ ಕೆರೆದವು. ಒಬ್ಬರು ಕೆಮ್ಮಿದರು. ಅಧ್ಯಕ್ಷರು, “ಇದೆಲ್ಲ ಒಳಗಿನ ವಿಷಯ, ಆಮೇಲೆ ವಿಚಾರಿಸೋಣ, ಚಹಾ ತಣ್ಣಗಾಗುತ್ತೆ,” ಎಂದರು. ವಾರ್ಡನ್ ಅವಳ ಕಿವಿಯ ಬಳಿ ಹಲ್ಲು ಕಡಿದು ಹೇಳಿದ್ದು ನನಗೆ ಕೇಳಿಸಿತು. “ಲೋಕ ನೋಡಿದೀನಿ ಕಣೇ ನಾನು. ಒಂದ್ ತಿಂಗಳು ಇಟ್ಕೊಂಡು ಮತ್ತೆ ಇದೇ ಗೇಟಿಗೆ ತಂದ್ ಎಸೀತಾರೆ. ನಿನ್ ಒಳ್ಳೇದಕ್ಕೆ ತಡ್ದಿದ್ದು. ನಿನ್ನಂಥ ಕೈ ಹೋದ್ರೆ ಇಲ್ಲಿ ಕುರ್ಚಿ ಹೆಣೆಯೋರ್ಯಾರು?”

ಆಗ ಮೆಟ್ಟಿಲ ಕೆಳಗಿನಿಂದ ಒಂದು ಧ್ವನಿ ಬಂತು. “ಅಕ್ಕಾ, ನಾನು ಹಾಕ್ದೆ. ರಿಂಗ್ ಆಗ್ತಿದೆ, ತಗೊಳ್ಳಿ.”

ಬಂದವರ ಕಾರು ಓಡಿಸುವವನು. ಅವನ ಒಡೆಯ, “ಏಯ್, ನಿನಗ್ಯಾಕಯ್ಯಾ?” ಎಂದದ್ದೂ ಕೇಳಿಸಿತು. ಅಷ್ಟರಲ್ಲಿ ಅವಳ ಕೈಗೆ ಫೋನು ತಲುಪಿತ್ತು.

“ಬಾ,” ಎಂದಳು ದರ್ಜಿ. ಫೋನನ್ನು ಬಂದ ಕೈಗೇ ಮರಳಿ ಕೊಟ್ಟಳು.

ಭಾನುವಾರ ಊಟದ ಮನೆಗೆ ವಾರ್ಡನ್ ಬರಲಿಲ್ಲ. ಮುಂದಿನ ಭಾನುವಾರ ಏನೂ ಆಗೇ ಇಲ್ಲವೆಂಬಂತೆ ಬಂದು, ಗಂಟಲು ಸರಿಮಾಡಿಕೊಂಡು, ಮೊದಲನೆಯ ಕಾಗದ ಬಿಡಿಸಿದರು. ಡೋಲುವಿನದು.

“ಓದ್ಬೇಡಿ,” ಎಂದ ಅವನು. “ಕೊಡಿ ಇಲ್ಲಿ.”

“ಕೊಟ್ರೆ ಏನ್ ಮಾಡ್ತೀಯೋ, ನೆಕ್ತೀಯಾ? ಫೋನ್ ಬೀಗದೊಳಗಿದೆ. ಇನ್ ಅದು ಹೊರಗೆ ಬರಲ್ಲ.”

“ನೆಕ್ಕೋದೋ ಬಿಡೋದೋ, ನನ್ನದು. ಕೊಡಿ.”

ಅವತ್ತು ಐದು ಕಾಗದ ಬಂದಿದ್ದವು. ಐದೂ ಜನ ಕೈ ಚಾಚಿದರು. ಐದರಲ್ಲಿ ಒಂದನ್ನೂ ಯಾರೂ ಓದಿಸಿಕೊಳ್ಳಲಿಲ್ಲ. ಅಲ್ಲಿಂದೀಚೆಗೆ ಊಟದ ಮನೆಯಲ್ಲಿ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಬ್ಬೊಬ್ಬರ ಪೆಟ್ಟಿಗೆಯಲ್ಲೂ ಓದದ ಕಾಗದ ಸೇರುತ್ತಿದೆ. ಯಾರು ಸತ್ತರೋ, ಯಾರು ಹುಟ್ಟಿದರೋ ತಿಳಿಯದು. ನನಗೆ ಬರುವ ಕಾಗದವಿಲ್ಲ, ಆದರೂ ಅವರ ಜೊತೆ ನಾನೂ ಕೈ ಚಾಚುತ್ತೇನೆ.

ದರ್ಜಿ ಹೋದದ್ದು ಆ ಎರಡು ಭಾನುವಾರಗಳ ನಡುವಿನ ಬುಧವಾರ, ಮಧ್ಯಾಹ್ನದ ಊಟಕ್ಕೆ ಮೊದಲು, ಮಗಳ ಹೆಗಲು ಹಿಡಿದು. ಅವಳು ಹೋದ ಮೇಲೆ ಅವಳ ಜಾಗದ ಕುರ್ಚಿ ಅರ್ಧಕ್ಕೇ ನಿಂತಿತ್ತು, ನಾನು ಮುಗಿಸಿದೆ. ಡೋಲು ಮಾತ್ರ ತನ್ನ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು, ಬೀದಿಯಲ್ಲಿ ಯಾರಾದರೂ ಒಬ್ಬ ಓದಿ ಹೇಳದೆ ಇರುತ್ತಾನೆಯೇ ಎಂದು ಗೇಟು ದಾಟಿದ್ದು ಐದು ಕಾಗದ ಬಂದ ಭಾನುವಾರದ ಮರುದಿನ, ಸೋಮವಾರ.