ಎಡಗಡೆಯ ಸೀಟು

ಪಾಲಿಸೇಡ್ ವಿಮಾನ ಕಂಪನಿಯ ಪೈಲಟ್ ಕರ್ಟಿಸ್ ಮೊರೋ ಟೋಪಿ ಕೈಯಲ್ಲಿ ಹಿಡಿದು ಕಾಕ್‌ಪಿಟ್ ಬಾಗಿಲಲ್ಲಿ ನಿಂತಿದ್ದನ್ನು ಕಂಡು ಸಹಪೈಲಟ್ ಓರಿನ್ ಬ್ರಾಂಟ್‌ಗೆ ಮೈಯೆಲ್ಲ ಉರಿದುಹೋಯಿತು. ಇಡೀ ಕಾನ್ಸಾಸ್ ಸಿಟಿಯಲ್ಲಿ ಈ ಮನುಷ್ಯನಿಗೆ ಬೇರೆ ವಿಮಾನವೇ ಸಿಗಲಿಲ್ಲವೇ?

ಸಿಕ್ಕಿರಲಿಲ್ಲ, ಪಾಪ. ಹಿಮ ಬಿದ್ದು ಪಾಲಿಸೇಡಿನ ವಿಮಾನಗಳೆಲ್ಲ ರದ್ದಾಗಿದ್ದವು. ವಾಷಿಂಗ್ಟನ್ನಿಗೆ ಹೊರಟಿದ್ದು ಟಾಲ್‌ಗ್ರಾಸ್ ಕಂಪನಿಯ ಇದೊಂದೇ, ಅದೂ ತುಂಬಿ ತುಳುಕುತ್ತಿತ್ತು. ಖಾಲಿ ಇದ್ದದ್ದು ಪೈಲಟ್‌ಗಳ ಬೆನ್ನ ಹಿಂದಿನ ಮಡಚು ಸೀಟು ಮಾತ್ರ. ಯಾವ ಕಂಪನಿಯ ಪೈಲಟ್ ಆದರೂ ಬಾಗಿಲಲ್ಲಿ ನಿಂತು ಕ್ಯಾಪ್ಟನ್ನರನ್ನು ಕೇಳಬೇಕು, ಅವರು ಹೂಂ ಅಂದರೆ ಆ ಸೀಟಿನಲ್ಲಿ ಬಿಟ್ಟಿ ಪ್ರಯಾಣ. ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿಯೇ ಇರಲಿಲ್ಲ. ಪಾಲಿಸೇಡಿನವರು ಟಾಲ್‌ಗ್ರಾಸನ್ನು ಕೊಂಡುಕೊಂಡ ಮೇಲೆ ಎರಡೂ ಕಡೆಯವರು ಆ ಪದ್ಧತಿಗೆ ಎಳ್ಳುನೀರು ಬಿಟ್ಟಿದ್ದರು.

ಜಗಳವೆಲ್ಲ ಸೀನಿಯಾರಿಟಿ ಪಟ್ಟಿಯದು. ಎರಡು ಕಂಪನಿಗಳ ಪೈಲಟ್‌ಗಳನ್ನು ಒಂದೇ ಪಟ್ಟಿಯಲ್ಲಿ ಪೋಣಿಸಬೇಕಿತ್ತು. ಯಾರು ಕ್ಯಾಪ್ಟನ್ ಆಗುತ್ತಾರೆ, ಯಾರಿಗೆ ಕ್ರಿಸ್‌ಮಸ್ ರಜೆ, ಕಷ್ಟ ಬಂದರೆ ಮೊದಲು ಯಾರ ಕೆಲಸ ಹೋಗುತ್ತದೆ, ಎಲ್ಲ ತೀರ್ಮಾನವಾಗುವುದು ಅದರಲ್ಲಿ. ಓರಿನ್ ಟಾಲ್‌ಗ್ರಾಸ್ ಸೇರಿ ಹದಿನೆಂಟು ವರ್ಷವಾಗಿತ್ತು. ನಡುವೆ ಕಂಪನಿಗೆ ಕೆಟ್ಟ ಕಾಲ ಬಂದಾಗ ಆರು ವರ್ಷ ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿದ್ದರು. ಕರೆದಾಗ ಬರುತ್ತೇನೆ ಎಂದು ಕಾಯುತ್ತ, ಅವರಿವರ ಮನೆ ಚಾವಣಿ ರಿಪೇರಿ ಮಾಡಿ ಹೊಟ್ಟೆ ಹೊರೆದಿದ್ದ. ಆ ಆರು ವರ್ಷ ಲೆಕ್ಕಕ್ಕೇ ಇಲ್ಲ ಅನ್ನುವುದು ಪಾಲಿಸೇಡ್ ಪೈಲಟ್‌ಗಳ ವಾದ. ಅದು ಗೆದ್ದರೆ ಮೊನ್ನೆ ಮೊನ್ನೆ ಮೀಸೆ ಮೂಡಿದ ಹುಡುಗರೆಲ್ಲ ಅವನಿಗಿಂತ ಮೇಲೆ. ಓರಿನ್‌ಗೆ ಐವತ್ತಾರು, ಅರವತ್ತೈದಕ್ಕೆ ನಿವೃತ್ತಿ. ಎಡಗಡೆಯ ಸೀಟು, ಅಂದರೆ ಕ್ಯಾಪ್ಟನ್ ಸೀಟು, ಈ ಜನ್ಮಕ್ಕೆ ಸಿಕ್ಕ ಹಾಗೆಯೇ.

ನಾಳೆ ಬೆಳಿಗ್ಗೆ ವಾಷಿಂಗ್ಟನ್ನಿನಲ್ಲಿ ಮೂವರು ಪಂಚರ ಮುಂದೆ ಇದೇ ವಿಚಾರಣೆ. ಒಂದು ಕಡೆಗೆ ಓರಿನ್ ಸಾಕ್ಷಿ. ಇನ್ನೊಂದು ಕಡೆಗೆ ಈ ಕರ್ಟಿಸ್.

"ಕ್ಯಾಪ್ಟನ್, ನಿಮ್ಮ ಜೊತೆ ಬರಬಹುದಾ?" ಎಂದು ಅವನು ಕೇಳಿದ.

ಎಡಗಡೆ ಸೀಟಿನಲ್ಲಿದ್ದ ಕ್ಯಾಪ್ಟನ್ ವರ್ಲೀನ್ ಟಟಲ್ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ನನ್ನನ್ನೇನು ಕೇಳ್ತೀರಿ? ನಾನು ಏಪ್ರಿಲ್‌ಗೆ ರಿಟೈರ್ ಆಗಿ ಮೀನು ಹಿಡಿಯೋಕೆ ಹೋಗೋಳು. ನೀವು ಕತ್ತು ಕುಯ್ಯೋಕೆ ಹೊರಟಿರೋದು ಇವನದ್ದು. ಓರಿನ್, ನೀನೇ ಹೇಳಪ್ಪಾ."

"ಇಲ್ಲ ಅಂದ್ರೆ?" ಎಂದ ಓರಿನ್.

"ಇಲ್ಲ ಅಂದ್ರೆ ಇಲ್ಲ. ಬಾಗಿಲು ಹಾಕಿಸ್ತೀನಿ, ಹೋಗ್ತಾ ಇರೋಣ."

ಬಾಗಿಲು ಮುಚ್ಚಲು ಬಂದ ಹುಡುಗಿ ಗಡಿಯಾರ ನೋಡುತ್ತ ನಿಂತಳು. ಒಂದೇ ಒಂದು ಮಾತು ಸಾಕಿತ್ತು. ಇವನಿಲ್ಲದೆ ನಾಳೆ ಅವರ ಕಡೆಯ ವಾದ ಅರ್ಧಕ್ಕರ್ಧ ಬಿದ್ದುಹೋಗುತ್ತಿತ್ತು. ಆದರೆ ಮಗಳು ಹುಟ್ಟಿದ ದಿನ ಓರಿನ್ ಡೆನ್ವರ್‌ನಿಂದ ಮನೆ ಸೇರಿದ್ದು ಇಂಥದ್ದೇ ಸೀಟಿನಲ್ಲಿ, ಅದೂ ಪಾಲಿಸೇಡ್ ವಿಮಾನದಲ್ಲಿ. ಆ ಕ್ಯಾಪ್ಟನ್ ಇವನ ಹೆಸರನ್ನೂ ಸರಿಯಾಗಿ ಕೇಳಿರಲಿಲ್ಲ. ಥೂ, ಈ ನೆನಪೂ ಈಗಲೇ ಬರಬೇಕೇ!

"ಬನ್ನಿ," ಎಂದ, ಹಲ್ಲು ಕಚ್ಚಿ.

"ನೀನು ಸುಧಾರಿಸೋನಲ್ಲ ಬಿಡು," ಎಂದು ಗೊಣಗಿದ ವರ್ಲೀನ್, ಹಿಂದೆ ಕೂರುವವರಿಗೆಲ್ಲ ಹೇಳುವುದನ್ನೇ ಕರ್ಟಿಸ್‌ಗೂ ಹೇಳಿದಳು. "ಬೆಲ್ಟ್ ಇಲ್ಲಿದೆ, ಆಕ್ಸಿಜನ್ ಮಾಸ್ಕ್ ಅಲ್ಲಿದೆ. ಏನಾದ್ರೂ ತಪ್ಪು ಕಂಡ್ರೆ ಸುಮ್ನೆ ಕೂರಬೇಡಿ, ಬಾಯಿಬಿಟ್ಟು ಹೇಳಿ."

ಹತ್ತು ಸಾವಿರ ಅಡಿ ದಾಟುವ ತನಕ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುವ ಹಾಗಿಲ್ಲ. ಆ ಮೌನದಲ್ಲಿ ಕರ್ಟಿಸನ ಉಸಿರು ಕುತ್ತಿಗೆಗೆ ತಾಗುತ್ತಿದೆ ಅನ್ನಿಸಿ ಓರಿನ್‌ಗೆ ಹಿಂದಕ್ಕೆ ಒರಗಲು ಮನಸ್ಸಾಗಲಿಲ್ಲ, ಮುಂದಕ್ಕೆ ಬಾಗಿ ಕೂತ. ಮೇಲೇರಿದ ಮೇಲೆ ಮೊದಲು ಕರ್ಟಿಸನೇ ಬಾಯಿಬಿಟ್ಟ.

"ಒಂದು ಮಾತು ಹೇಳ್ತೀನಿ, ನಮ್ಮಲ್ಲೇ ಇರಲಿ. ಆ ಆರು ವರ್ಷ ಹೊಡೆದುಹಾಕೋದು ತಪ್ಪು. ನನಗೆ ಗೊತ್ತು. ಕರೆದ ತಕ್ಷಣ ಬಂದವರು ನೀವು."

"ಗೊತ್ತಿದ್ದೂ?" ಎಂದ ಓರಿನ್.

"ಗೊತ್ತಿದ್ದೂ. ನನ್ನ ಹಿಂದೆ ಸಾವಿರಾರು ಜನ ಇದ್ದಾರೆ. ಹಾಗಂದ್ರೆ ನನ್ನನ್ನ ಸಿಗಿದು ತೋರಣ ಕಟ್ತಾರೆ."

"ನಮ್ಮಲ್ಲೇ ಇರಲಿ ಅಂದ್ರೆ ಹೇಗೆ ಮಾರಾಯ?" ಎಂದಳು ವರ್ಲೀನ್. "ನಾಳೆ ಅಲ್ಲಿ ಹೇಳೋದು ತಾನೇ?"

ಕರ್ಟಿಸ್ ಕಿಟಕಿಯಾಚೆ ನೋಡಿದ. ಓರಿನ್‌ನ ತಲೆಯಲ್ಲಿ ಮಾತ್ರ ಆ ಮಾತು ಗಿರಗಿರ ಸುತ್ತತೊಡಗಿತು. ತಪ್ಪು ಅಂತ ಒಪ್ಪಿಕೊಂಡನಲ್ಲ! ನಾಳೆ ಇದನ್ನೇ ಹೇಳಿಬಿಟ್ಟರೆ? ಇಳಿಯುವ ಹೊತ್ತಾಯಿತು. ಹನ್ನೊಂದು ಸಾವಿರ ಅಡಿಗೆ ಇಳಿದು ಅಲ್ಲೇ ಇರಿ ಎಂದು ನೆಲದಿಂದ ಅಪ್ಪಣೆ ಬಂತು. ವರ್ಲೀನ್ ಅದನ್ನೇ ತಿರುಗಿ ಹೇಳಿ, ಮುಂದಿನ ನಕ್ಷೆ ತೆಗೆಯಲು ಬಗ್ಗಿದಳು. ಓರಿನ್ ಎತ್ತರ ನಿಗದಿ ಮಾಡುವ ಗುಂಡಿ ತಿರುಗಿಸಿದ.

"ಹನ್ನೊಂದು!" ಹಿಂದಿನಿಂದ ಕರ್ಟಿಸ್ ಕೂಗಿದ. "ಹನ್ನೊಂದು ಹೇಳಿದ್ದು. ಹತ್ತು ಇಟ್ಟಿದ್ದೀರಿ!"

ಓರಿನ್‌ನ ಕೈ ತಾನಾಗಿ ಗುಂಡಿಯನ್ನು ಹಿಂದಕ್ಕೆ ತಿರುಗಿಸಿತು, ವಿಮಾನ ಹನ್ನೊಂದರಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಕೆಳಗೆ, ಹತ್ತು ಸಾವಿರದಲ್ಲಿ, ಇನ್ನೊಂದು ವಿಮಾನದ ದೀಪಗಳು ಅಡ್ಡ ಹಾದುಹೋದವು. ಹದಿನೆಂಟು ವರ್ಷದಲ್ಲಿ ಅವನು ಇಂಥ ತಪ್ಪು ಮಾಡಿರಲಿಲ್ಲ.

ನೆಲ ಮುಟ್ಟಿದ ಮೇಲೆ ಕರ್ಟಿಸ್ ಅವನ ಭುಜ ತಟ್ಟಿ, "ಯಾರಿಗಾದ್ರೂ ಆಗೋದೇ," ಎಂದು ಇಳಿದುಹೋದ.

ಮರುದಿನ ಪಂಚರಲ್ಲಿ ಹಿರಿಯಳಾದ ಬಿಳಿಗೂದಲ ಹೆಂಗಸು ಕರ್ಟಿಸನನ್ನು ನೇರವಾಗಿ ಕೇಳಿದಳು. "ವಕೀಲರ ಮಾತು ಸಾಕು. ಕೆಲಸ ಇಲ್ದೆ ಕಾದವರ ವರ್ಷಗಳನ್ನ ಲೆಕ್ಕದಿಂದ ತೆಗೆಯೋದು ನಿಮ್ಮ ಮನಸ್ಸಿಗೆ ನ್ಯಾಯ ಅನ್ಸುತ್ತಾ?"

ಓರಿನ್ ಕುರ್ಚಿಯ ತುದಿಗೆ ಬಂದ. ಹೇಳು, ನಿನ್ನೆ ಹೇಳಿದ್ದನ್ನೇ ಹೇಳು. ಕರ್ಟಿಸ್ ನಿನ್ನೆಯ ಹತ್ತು, ಹನ್ನೊಂದರ ಸುದ್ದಿ ಎತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಮನುಷ್ಯ. ಅವನು ನೀರು ಕುಡಿದ. ಹಿಂದಿನ ಸಾಲುಗಳಲ್ಲಿ ಕಿಕ್ಕಿರಿದಿದ್ದ ತನ್ನ ಕಡೆಯ ಎಳೆಯ ಪೈಲಟ್‌ಗಳ ಮುಖ ನೋಡಿದ.

"ಅನ್ಸುತ್ತೆ, ಮೇಡಂ. ನ್ಯಾಯ ಅಂತಲೇ ಅನ್ಸುತ್ತೆ."

ತೀರ್ಪು ಮಾರ್ಚ್‌ನಲ್ಲಿ ಬಂತು. ಆರು ವರ್ಷ ಲೆಕ್ಕಕ್ಕಿಲ್ಲ. ಹೊಸ ಪಟ್ಟಿಯಲ್ಲಿ ಓರಿನ್‌ಗಿಂತ ಒಂದೇ ಸ್ಥಾನ ಮೇಲಿದ್ದವನು ಇವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅಡುಗೆಮನೆಯಲ್ಲಿ ನಿಂತು ಓರಿನ್ ಅತ್ತುಬಿಟ್ಟ, ಹೆಂಡತಿ ನೋಡಿದರೂ ನಾಚಲಿಲ್ಲ.

ಅದೇ ತಿಂಗಳ ಕೊನೆಯಲ್ಲಿ, ವರ್ಲೀನ್‌ಳ ಕೊನೆಯ ವಾರ, ವಾಷಿಂಗ್ಟನ್ನಿನಲ್ಲಿ ಕಾಕ್‌ಪಿಟ್ ಬಾಗಿಲಿಗೆ ಮತ್ತೆ ಕರ್ಟಿಸ್ ಬಂದ. ತಾಯಿಗೆ ಆಪರೇಷನ್ ಅಂತೆ, ಅವನ ಕಂಪನಿಯ ವಿಮಾನಗಳಲ್ಲಿ ಜಾಗವಿರಲಿಲ್ಲ, ಟಾಲ್‌ಗ್ರಾಸ್‌ನ ಮೂರು ವಿಮಾನದವರು ಮುಖದ ಮೇಲೆ ಹೊಡೆದಂತೆ ಇಲ್ಲ ಅಂದಿದ್ದರು. ಬಾಗಿಲಾಚೆಯೇ ನಿಂತು, ಟೋಪಿ ಕೈಯಲ್ಲಿ ಹಿಡಿದು ಕೇಳಿದ.

ವರ್ಲೀನ್ ಅವನತ್ತ ತಿರುಗಲೂ ಇಲ್ಲ. "ನೀನೇ ಹೇಳಪ್ಪಾ," ಎಂದಳು ಓರಿನ್‌ಗೆ.

ಓರಿನ್‌ಗೆ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಬಲಗಡೆ ಸೀಟಿನಲ್ಲಿ ಪೂರ್ತಿ ತಿರುಗಿ ಕೂತ.

"ಬನ್ನಿ. ಬೆಲ್ಟ್ ಇಲ್ಲಿದೆ, ಆಕ್ಸಿಜನ್ ಮಾಸ್ಕ್ ಅಲ್ಲಿದೆ," ಎಂದ. ಆಮೇಲೆ ಕರ್ಟಿಸನ ಕಣ್ಣಲ್ಲಿ ಕಣ್ಣಿಟ್ಟು ಉಳಿದದ್ದನ್ನೂ ಹೇಳಿದ. "ಏನಾದ್ರೂ ತಪ್ಪು ಕಂಡ್ರೆ ಸುಮ್ನೆ ಕೂರಬೇಡಿ. ಬಾಯಿಬಿಟ್ಟು ಹೇಳಿ."

ಕರ್ಟಿಸನ ಮುಖ ಕಿವಿಯವರೆಗೂ ಕೆಂಪೇರಿತು. ಮಡಚು ಸೀಟನ್ನು ಇಳಿಸಿ ಕೂತ. ಬೆಲ್ಟಿನ ಕೊಂಡಿ ಎರಡು ಸಲ ಜಾರಿತು, ಮೂರನೆಯ ಸಲ ಕೂತುಕೊಂಡಿತು.

"ಬಾಗಿಲು ಹಾಕಲಾ?" ಎಂದು ಹುಡುಗಿ ಕೇಳಿದಳು.

"ಹಾಕಮ್ಮ," ಎಂದ ಓರಿನ್.