ಸದ್ದಿಗೆ ಬಂದ ನಿದ್ದೆ

ನನ್ನದು ನಲವತ್ತು ಅಡಿಯ ರೀಫರ್ ಟ್ರೇಲರ್. ನಮ್ಮೂರು ವಸ್ತಾರೆಯವರು ಐಸ್ ಗಾಡಿ ಅನ್ನುತ್ತಾರೆ, ಅನ್ನಲಿ. ಮಂಗಳೂರಿನಲ್ಲಿ ಸಿಗಡಿ, ಬಂಗುಡೆ ತುಂಬಿಕೊಂಡು ಪುಣೆ, ನಾಗಪುರ, ಒಮ್ಮೊಮ್ಮೆ ದೆಹಲಿಯವರೆಗೂ ಓಡಿಸುತ್ತೇನೆ. ಡಬ್ಬಿಯ ಮುಂಭಾಗದಲ್ಲಿ ತಣ್ಣಗೆ ಮಾಡುವ ಯೂನಿಟ್ ಇದೆ, ಅದಕ್ಕೆ ಬೇರೆಯೇ ಡೀಸೆಲ್ ಎಂಜಿನ್. ಮೀನಿಗೆ ಮೈನಸ್ ಹದಿನೆಂಟು ಡಿಗ್ರಿ ಬೇಕು. ಅಷ್ಟು ತಣ್ಣಗಾಗಲು ಆ ಎಂಜಿನ್ ನನ್ನ ತಲೆಯ ಹಿಂದೆಯೇ ಬೊಬ್ಬೆ ಹೊಡೆಯುತ್ತಿರುತ್ತದೆ. ಹನ್ನೊಂದು ವರ್ಷ ಆ ಬೊಬ್ಬೆಯಲ್ಲೇ ಮಲಗಿದ್ದೇನೆ. ಸದ್ದು ನಿಂತರೆ ಎಚ್ಚರ, ಚೂರು ಬದಲಾದರೂ ಎಚ್ಚರ. ತಂಗಿ ರಕ್ಷಾಳ ಹತ್ತಿರ ಫೋನಿನಲ್ಲಿ ಇದನ್ನೇ ನೂರು ಸಲ ಕೊಚ್ಚಿಕೊಂಡಿದ್ದೇನೆ. "ನಾನು ಮಲಗಿದ್ರೂ ನನ್ನ ಕಿವಿ ಮಲಗಲ್ಲ ಕಣೇ" ಅನ್ನುತ್ತಿದ್ದೆ.

ಅಮ್ಮ ದ್ಯಾವಮ್ಮ ತೀರಿಕೊಂಡದ್ದು ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಸಂಜೆ. ಲೋಡ್ ಇಳಿಸಿ ಖಾಲಿ ಗಾಡಿಯಲ್ಲಿ ನಾನು ಮನೆಗೆ ಬಂದು ಗಂಟೆಯೂ ಆಗಿರಲಿಲ್ಲ. ನನಗೆ ಕಾಫಿ ಕೊಟ್ಟು, "ಎಷ್ಟು ಸೊರಗಿದೀಯೋ" ಎಂದು ಬೈದು, ಹಿತ್ತಲಿಗೆ ಹೋದಳು. ಪಕ್ಕದ ಮನೆಯ ಮುದ್ದಮ್ಮ ಕೂಗಿಕೊಂಡಾಗ ಲೋಟದಲ್ಲಿ ಕಾಫಿ ಇನ್ನೂ ಬಿಸಿಯಿತ್ತು.

ರಕ್ಷಾ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್. ಫೋನ್ ಮಾಡಿ ಹೇಳಿದಾಗ ಮೊದಲು ಅವಳು ಅಳಲೂ ಇಲ್ಲ.

"ಮಣ್ಣು ಮಾಡ್ಬೇಡಿ ಅಣ್ಣ. ಗುರುವಾರ ಮಧ್ಯಾಹ್ನದೊಳಗೆ ಬರ್ತೀನಿ. ಅಮ್ಮ ಕೈ ಇಡ್ತೀನಿ ಅಂದಿದಾಳೆ."

ಅದರ ಕಥೆ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ರಕ್ಷಾ ಹೊರಟಾಗ ಅಮ್ಮನಿಗೆ ಇಷ್ಟವಿರಲಿಲ್ಲ. ಮಗಳು ಕಾಲಿಗೆ ಬಿದ್ದರೂ ತಲೆಯ ಮೇಲೆ ಕೈ ಇಡಲಿಲ್ಲ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕಂಬದ ಹಾಗೆ ನಿಂತುಬಿಟ್ಟಳು. ಹಟದಲ್ಲಿ ನಮ್ಮಮ್ಮನನ್ನು ಮೀರಿಸುವವರಿರಲಿಲ್ಲ. ಹೋದ ತಿಂಗಳು ತಾನಾಗಿಯೇ ಮೆತ್ತಗಾಗಿ, "ಬಾ ಮಗ, ಈ ಸಲ ಕೈ ಇಡ್ತೀನಿ" ಎಂದು ಫೋನಿನಲ್ಲಿ ಹೇಳಿದ್ದಳು. ರಕ್ಷಾ ಟಿಕೆಟ್ ಕೂಡ ನೋಡುತ್ತಿದ್ದಳು.

ಎರಡು ದಿನ ಇಡುವುದು ಎಲ್ಲಿ? ಚಿಕ್ಕಮಗಳೂರಿನಿಂದ ಫ್ರೀಜರ್ ಪೆಟ್ಟಿಗೆ ತರಿಸಬಹುದಿತ್ತು, ಆದರೆ ಗಾಳಿಗೆ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದು ಊರಿಗೇ ಕರೆಂಟ್ ಇರಲಿಲ್ಲ. ಆಸ್ಪತ್ರೆಯ ಶವಾಗಾರ ಎಂದದ್ದೇ ತಡ, ಸೋದರಮಾವ ಕೆಂಚಯ್ಯ ಎದ್ದು ನಿಂತರು. "ಅಲ್ಲಿ ಕುಯ್ತಾರೆ. ನನ್ನ ತಂಗೀನ ಕುಯ್ಯಾಕೆ ನಾನು ಬಿಡಲ್ಲ." ಆಗ ಮುದ್ದಮ್ಮ ಮೂಗು ಒರೆಸಿಕೊಳ್ಳುತ್ತಾ, "ನಿಂದೇ ಐಸ್ ಗಾಡಿ ಐತಲ್ಲೋ ಮಾರಾಯ" ಅಂದಳು.

ಊಟದ ಸಾಮಾನು ಸಾಗಿಸುವ ಡಬ್ಬಿಯಲ್ಲಿ ಹೆಣ ಇಡಬಾರದು. ಗೊತ್ತಾದರೆ ಕೆಲಸ ಹೋಗುತ್ತದೆ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ. ಮನೆಯ ಎದುರಿನ ಎಸ್ಟೇಟಿನ ಸಾಹುಕಾರರು ಮಲ್ಲಿಕಾರ್ಜುನಪ್ಪನವರು, ಅಮ್ಮ ಮೂವತ್ತು ವರ್ಷ ಹಣ್ಣು ಕುಯ್ದದ್ದು ಅವರ ತೋಟದಲ್ಲೇ. ಕಾಫಿ ಒಣಗಿಸುವ ಅವರ ಕಣ ಖಾಲಿಯಿತ್ತು. ಟ್ರೇಲರನ್ನು ಅಲ್ಲಿ ನಿಲ್ಲಿಸಿ, ಒಳಗೆ ತೊಳೆದು, ಬೆಂಚಿನ ಮೇಲೆ ಅಮ್ಮನನ್ನು ಮಲಗಿಸಿದೆವು. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದು ನಾನೇ. ಯೂನಿಟ್ಟನ್ನು ಪ್ಲಸ್ ನಾಲ್ಕಕ್ಕೆ ಇಟ್ಟೆ. ಹೆಪ್ಪುಗಟ್ಟಬಾರದು, ಕೆಡಲೂಬಾರದು, ಅಷ್ಟೇ ತಂಪು.

ಹತ್ತೇ ನಿಮಿಷದಲ್ಲಿ ಮೋನಿಕಾ ಫೋನ್ ಮಾಡಿದಳು. ಬೆಂಗಳೂರಿನ ನಮ್ಮ ಕಂಪನಿಯ ಕಂಟ್ರೋಲ್ ರೂಮಿನ ಹುಡುಗಿ. ಯಾವ ಗಾಡಿ ಎಲ್ಲಿದೆ, ಒಳಗೆ ಎಷ್ಟು ಡಿಗ್ರಿ ಇದೆ, ಎಲ್ಲ ಅವಳ ಕಂಪ್ಯೂಟರಿನಲ್ಲಿ ಕಾಣುತ್ತದೆ. ಬೇಕಾದರೆ ಅಲ್ಲಿಂದಲೇ ಏರಿಸಿ ಇಳಿಸಲೂಬಹುದು.

"ವೆಂಕಟೇಶಣ್ಣ, ಖಾಲಿ ಗಾಡೀಲಿ ಯಾಕೆ ಯೂನಿಟ್ ಆನ್ ಆಗಿದೆ?"

"ತೊಳ್ದಿದೀನಿ ಕಣಮ್ಮ, ಒಣಗ್ಲಿ ಅಂತ. ಹಿಂದಿನ ಟಯರ್ ಬೇರೆ ಹೋಗಿದೆ. ಗುರುವಾರದವರೆಗೂ ಇಲ್ಲೇ ಇರ್ತೀನಿ."

"ಆಯ್ತಣ್ಣ. ನಿಮ್ಮ ದನಿ ಯಾಕೋ ಸರಿ ಇಲ್ಲ. ಸ್ವಲ್ಪ ಮಲಗಿ."

ಮಲಗುವುದೆಲ್ಲಿಂದ ಬಂತು? ಪ್ಲಸ್ ನಾಲ್ಕಕ್ಕೆ ಯೂನಿಟ್ ಮೆಲ್ಲಗೆ ಗುನುಗುತ್ತದೆ, ನಿಲ್ಲುತ್ತದೆ, ಮತ್ತೆ ಗುನುಗುತ್ತದೆ. ನಿಂತಾಗೆಲ್ಲ ನಾನು ಎದ್ದು ಕೂರುತ್ತಿದ್ದೆ. ಮಂಗಳವಾರ ಕಣ್ಣು ಮುಚ್ಚಲಿಲ್ಲ, ಬುಧವಾರವೂ ಇಲ್ಲ. ಫೋನನ್ನು ಗಾಡಿಯ ಕ್ಯಾಬಿನ್ನಿನಲ್ಲಿ ಚಾರ್ಜಿಗೆ ಹಾಕಿ ಮನೆಯ ಜಗುಲಿಯಲ್ಲಿ ಬಿದ್ದುಕೊಂಡಿದ್ದೆ. ಗುರುವಾರ ಬೆಳಕು ಹರಿಯುವ ಹೊತ್ತಿಗೆ ಕಣ್ಣು ಹತ್ತಿತು. ಎಂಥ ನಿದ್ದೆ ಅಂದರೆ, ಜನ ದಾಟಿ ಓಡಾಡಿದರೂ ಗೊತ್ತಾಗಲಿಲ್ಲವಂತೆ. "ಪಾಪ, ಮಲಗ್ಲಿ" ಎಂದು ಮುದ್ದಮ್ಮ ಯಾರನ್ನೂ ಹತ್ತಿರ ಬಿಡಲಿಲ್ಲವಂತೆ.

ಮಧ್ಯಾಹ್ನ ಒಂದು ಗಂಟೆಗೆ ಕಣದಲ್ಲಿ ಟ್ಯಾಕ್ಸಿ ನಿಂತಿತು. ಮಂಗಳೂರಿನಲ್ಲಿ ಇಳಿದು ಚಾರ್ಮಾಡಿ ಹತ್ತಿ ಬಂದ ರಕ್ಷಾ ಬ್ಯಾಗನ್ನೂ ಇಳಿಸದೆ ನೇರ ಟ್ರೇಲರಿನ ಹತ್ತಿರ ನಡೆದಳು. ನಾನು ಕಣ್ಣುಜ್ಜಿಕೊಂಡು ಓಡಿ ಬಾಗಿಲಿನ ಕಂಬಿ ತಿರುಗಿಸಿದೆ.

ಬಿಳಿ ಹೊಗೆ ನುಗ್ಗಿ ಬಂದು ಮುಖಕ್ಕೆ ಹೊಡೆಯಿತು. ಅದು ನನಗೆ ಚೆನ್ನಾಗಿ ಗೊತ್ತಿರುವ ಹೊಗೆ. ಪ್ಲಸ್ ನಾಲ್ಕರಲ್ಲಿ ಅಷ್ಟು ಬರುವುದಿಲ್ಲ. ಮೀನಿನ ಗಾಡಿಯ ಬಾಗಿಲು ತೆಗೆದರೆ ಬರುತ್ತದೆ. "ರಕ್ಷಾ, ತಡಿ" ಎಂದೆನೋ ಇಲ್ಲವೋ, ಅವಳಾಗಲೇ ಹತ್ತಿದ್ದಳು.

ಅಮ್ಮನ ಹುಬ್ಬಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬಿಳಿಯಾಗಿ ಕೂತಿತ್ತು. ಹೂವಿನ ಹಾರ ಗಾಜಿನ ಹಾಗೆ ಗಟ್ಟಿಯಾಗಿತ್ತು. ರಕ್ಷಾ ಅಮ್ಮನ ಕೈ ಹಿಡಿದು ಎತ್ತಲು ನೋಡಿದಳು. ಕೈ ಬರಲಿಲ್ಲ. ಇನ್ನೊಮ್ಮೆ ಎಳೆದಳು, ಕೈಯ ಜೊತೆಗೆ ಅಮ್ಮನ ಇಡೀ ಮೈಯೇ ಬೆಂಚಿನಿಂದ ಎದ್ದಿತು. ಅವಳು ಚೀರಿ ಕೈ ಬಿಟ್ಟಳು.

ನಾನು ಓಡಿಹೋಗಿ ಯೂನಿಟ್ಟಿನ ಡಿಸ್‌ಪ್ಲೇ ನೋಡಿದೆ. ಮೈನಸ್ ಹದಿನೆಂಟು. ಮೂರು ಸಲ ನೋಡಿದೆ, ಮೂರು ಸಲವೂ ಮೈನಸ್ ಹದಿನೆಂಟು. ಯಂತ್ರ ನಿಲ್ಲಿಸಿ ಕ್ಯಾಬಿನ್ ಹತ್ತಿ ಫೋನ್ ತೆಗೆದೆ. ನಾಲ್ಕು ಮಿಸ್ಡ್ ಕಾಲ್, ಬೆಳಗಿನ ಐದು ಗಂಟೆಗೆ ಬಂದ ಒಂದು ವಾಯ್ಸ್ ಮೆಸೇಜ್. ಮೋನಿಕಾ.

"ವೆಂಕಟೇಶಣ್ಣ, ಲೋಡಿಂಗ್ ಇವತ್ತೇ ಸಂಜೆ ಅಂತೆ, ಸಿಗಡಿ. ಡಬ್ಬಿ ಮೊದಲೇ ತಣ್ಣಗಾಗಿರ್ಬೇಕಲ್ವಾ, ನೀವು ಏಳೋದು ಬೇಡ ಅಂತ ನಾನೇ ಇಲ್ಲಿಂದ ಹದಿನೆಂಟಕ್ಕೆ ಹಾಕಿದೀನಿ. ನೀವು ರೆಸ್ಟ್ ತಗೊಳ್ಳಿ ಅಣ್ಣ."

ಯಾರನ್ನು ಬೈಯಲಿ? ಖಾಲಿ ಗಾಡಿ ಎಂದು ನಂಬಿಸಿದವನು ನಾನು. ಹಾಳು ಬಾಯಿ ನನ್ನದು. ಫೋನ್ ಮಾಡಿ, "ಒಳಗೆ ನಮ್ಮಮ್ಮ ಇದ್ಲು ಮೋನಿಕಾ, ಇನ್ನು ಈ ಡಬ್ಬೀಲಿ ಊಟದ ಸಾಮಾನು ತುಂಬ್ಬೇಡಿ, ಹೋಗಿ ಎಲ್ರಿಗೂ ಹೇಳು" ಅಂದೆ. ಆ ಕಡೆಯಿಂದ "ಅಣ್ಣ, ನಾನು, ನಾನು" ಎನ್ನುವುದು ಕೇಳಿತು. ಪಾಪದ ಹುಡುಗಿ. "ನಿಂದಲ್ಲ ತಪ್ಪು" ಎಂದು ಇಟ್ಟೆ.

ಕೆಳಗಿಳಿದಾಗ ರಕ್ಷಾ ಎದುರಿಗೇ ನಿಂತಿದ್ದಳು.

"ಸತ್ತ ಮೇಲೆ ಸೆಟೆದ ಮೈ ಎರಡನೇ ದಿನಕ್ಕೆ ಸಡಿಲ ಆಗ್ಬೇಕಿತ್ತು ಅಣ್ಣ. ಅದಕ್ಕೇ ಗುರುವಾರ ಅಂದಿದ್ದೆ. ಸದ್ದು ಬದಲಾದ್ರೆ ನಿಂಗೆ ಎಚ್ಚರ ಆಗುತ್ತಲ್ವಾ? ಕೇಳ್ಲಿಲ್ವಾ?"

ನಾನು ಟ್ರೇಲರಿನೊಳಗೆ ಹತ್ತಿ ಬೆಂಚಿನ ಒಂದು ತುದಿ ಹಿಡಿದೆ.

ಅಮ್ಮನನ್ನು ಬೆಂಚಿನ ಸಮೇತ ಕಣಕ್ಕೆ ಇಳಿಸಿ ಬಿಸಿಲಿನಲ್ಲಿ ಇಟ್ಟೆವು. ಮುದ್ದಮ್ಮ ಹಂಡೆಯಿಂದ ಕುದಿಯುವ ನೀರು ತಂದಳು. "ಬೇಡ ಚಿಕ್ಕಮ್ಮ, ಚರ್ಮ ಬಿಟ್ಕೊಳ್ಳುತ್ತೆ, ಉಗುರು ಬೆಚ್ಚಗೆ ಸಾಕು" ಎಂದು ರಕ್ಷಾ ಬಟ್ಟೆ ಅದ್ದಿ ಅದ್ದಿ ಅಮ್ಮನ ಕೈಗೆ, ಭುಜಕ್ಕೆ ಸುತ್ತಿದಳು. ಆಸ್ಪತ್ರೆಯಲ್ಲಿ ಯಾರದೋ ಕೈಗೆ ಮಾಡುವಂತೆ ಒಂದೇ ಸಮ ಮಾಡುತ್ತಿದ್ದಳು. ಜನ ಸುತ್ತ ನಿಂತು ನೋಡುತ್ತಿದ್ದರು. ಇಂಥದ್ದನ್ನು ಯಾರೂ ಕಂಡಿರಲಿಲ್ಲ.

ನಾಲ್ಕೂವರೆಗೆ ಕೆಂಚಯ್ಯ ಮಾವ ಹತ್ತಿರ ಬಂದರು. "ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು ಕಣೋ. ಗುಂಡಿ ತೆಗೆದಾಯ್ತು. ಎತ್ತಾನ."

"ಎತ್ತಲ್ಲ."

"ವೆಂಕಟೇಶ..."

"ಎತ್ತಲ್ಲ ಅಂದ್ನಲ್ಲ ಮಾವ! ಯಾರಾದ್ರೂ ಬೆಂಚು ಮುಟ್ಟಿ ನೋಡ್ಲಿ!" ನನ್ನ ಕೂಗಿಗೆ ಮಲ್ಲಿಕಾರ್ಜುನಪ್ಪನವರು ಮನೆಯಿಂದ ಹೊರಗೆ ಬಂದರು. ಏನೂ ಕೇಳದೆ, ಕಣದ ಅಂಚಿನಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕೂತರು. ಸಾಹುಕಾರರು ಕೂತದ್ದು ನೋಡಿ ಉಳಿದವರೂ ಕೂತರು. ಮಾವ ಸೂರ್ಯನನ್ನೊಮ್ಮೆ ನೋಡಿ ಅವರೂ ಕೂತರು.

ಐದೂವರೆಗೆ ಅಮ್ಮನ ಕಿರುಬೆರಳು ಮಡಚಿತು. ಆಮೇಲೆ ಮಣಿಕಟ್ಟು. ಭುಜ ಮಾತ್ರ ಹಟ ಹಿಡಿಯಿತು. ರಕ್ಷಾ ಬೆಂಚಿನ ಪಕ್ಕ ಮಂಡಿಯೂರಿ ತಲೆಯನ್ನು ಅಮ್ಮನ ಎದೆಯವರೆಗೂ ತಗ್ಗಿಸಿದಳು. ನಾನು ಎರಡೂ ಕೈಯಲ್ಲಿ ಅಮ್ಮನ ಬಲಗೈ ಹಿಡಿದು ಮೆಲ್ಲಗೆ, ಮೆಲ್ಲಗೆ ಎತ್ತಿದೆ. ನಾಲ್ಕು ಬೆರಳಿನಷ್ಟು ಎತ್ತರ ಎದ್ದಿರಬೇಕು, ಅಷ್ಟು ಸಾಕಾಯಿತು. ಅಂಗೈ ಅವಳ ತಲೆಯ ಮೇಲೆ ಕೂತಿತು. ಕೊರಡಿನಂಥ ಭಾರದ ಕೈ. ಕರಗಿದ ನೀರು ಬೆರಳುಗಳಿಂದ ಅವಳ ಬೈತಲೆಗೆ, ಬೈತಲೆಯಿಂದ ಕೆನ್ನೆಗೆ ಇಳಿಯಿತು. ರಕ್ಷಾ ಅತ್ತದ್ದು ಆಗ.

ನಾನು ಕೈ ಬಿಡಲಿಲ್ಲ. ಬಿಟ್ಟರೆ ಜಾರುತ್ತದೆ. ಹಾಗೇ ಹಿಡಿದುಕೊಂಡು, ಅವಳಿಗೆ ಮಾತ್ರ ಕೇಳುವಂತೆ ಹೇಳಿದೆ.

"ಕೇಳ್ತು ರಕ್ಷಾ. ಬೆಳಿಗ್ಗೆ ಯೂನಿಟ್ ಜೋರಾಗಿದ್ದು ನಂಗೆ ಕೇಳ್ತು. ಹನ್ನೊಂದು ವರ್ಷದಿಂದ ಕೇಳೋ ಸದ್ದು. ಅದು ಕೇಳಿದ್ಮೇಲೇ ನಂಗೆ ನಿದ್ದೆ ಬಂದಿದ್ದು."

ಅಮ್ಮನ ಕೈಯ ಅಡಿಯಲ್ಲಿ ರಕ್ಷಾಳ ತಲೆ ಅಲ್ಲಾಡಲಿಲ್ಲ. ಅವಳು ಒಂದು ಕೈ ಮೇಲೆತ್ತಿ, ಅಮ್ಮನ ಕೈಯನ್ನು ಹಿಡಿದಿದ್ದ ನನ್ನ ಕೈಗಳನ್ನು ಹಿಡಿದುಕೊಂಡಳು. ಮಾವ ಎದ್ದು ಬಂದು, "ಇನ್ನು ಎತ್ತಾನೇನೋ ಮಗ?" ಎಂದು ಕೇಳಿದರು. ಎತ್ತಿ ಎಂದೆ.